ಮಲಗಿ ಮಾಡುವ ಕಸರತ್ತು

ಎರಡು ದಿನದಿಂದ ಪಕ್ಕದ ಮನೆಯ ಹಿತ್ತಲಿನಿಂದ ಹೊಗೆ ಬರುತ್ತಿದೆ. ಅಡುಗೆಯ ಹೊಗೆಯಲ್ಲ, ಕಸ ಸುಟ್ಟದ್ದೂ ಅಲ್ಲ. ಕೆಂಡದ ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದಾಗ ಏಳುವ, ಮೊದಲು ಮೂಗಿಗೆ ಹಿತವಾಗಿ ಆಮೇಲೆ ಕಣ್ಣಿಗೆ ಉರಿಯಾಗುವ ಹೊಗೆ. ಆ ಮನೆಯ ಹುಡುಗಿ ಹೆತ್ತು ಮನೆಗೆ ಬಂದಿದ್ದಾಳೆಂದು ಯಾರೂ ಬಂದು ಹೇಳಬೇಕಾಗಿಲ್ಲ. ಹೊಸಪೇಟೆಯ ಈ ಓಣಿಗೆ ಪೇಪರು ತಡವಾಗಿ ಬಂದೀತು, ಬಾಣಂತಿಯ ಹೊಗೆ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ. ಕಿಟಕಿ ಮುಚ್ಚೋಣವೆಂದು ಏಳಹೋದೆ. ಮೊಣಕಾಲು ಒಪ್ಪಲಿಲ್ಲ. ಹಾಗೇ ಕುಳಿತೆ. ಕುಳಿತವಳಿಗೆ ಹಳೆಯದೆಲ್ಲ ನೆನಪಾಗತೊಡಗಿತು.

ನನ್ನನ್ನು ಈಗ ನೋಡಿದರೆ ನೀವು ನಂಬಲಿಕ್ಕಿಲ್ಲ, ಒಂದು ಕಾಲಕ್ಕೆ ವ್ಯಾಯಾಮ ಕಲಿಸುವುದೇ ನನ್ನ ಉದ್ಯೋಗವಾಗಿತ್ತು. ಗರಡಿಮನೆಯಲ್ಲಲ್ಲ. ಬಸುರಿಯರಿಗೆ. ಹೆತ್ತ ಮೇಲೆ ಮಾಡಬೇಕಾದ ವ್ಯಾಯಾಮವನ್ನು ಹೆರುವ ಮೊದಲೇ ಕಲಿಸಿಡಬೇಕು ಎಂಬುದು ನಮ್ಮ ಡಾಕ್ಟರಮ್ಮನ ಲೆಕ್ಕಾಚಾರ. ಹೆತ್ತ ಮೇಲೆ ಕಲಿಸಹೋದರೆ ಬಾಣಂತಿಯ ಕೋಣೆಯೊಳಕ್ಕೆ ನಮ್ಮನ್ನು ಬಿಟ್ಟುಕೊಳ್ಳುವವರು ಯಾರು? ಆಗ ನಾವೆಲ್ಲ ಮದರಾಸು ಸರ್ಕಾರದ ಕೆಳಗಿದ್ದೆವು. ಹುಕುಮುಗಳು ಮದರಾಸಿನಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಹೊಸಪೇಟೆಗೆ ಬರುತ್ತಿದ್ದವು. ನಾನೂ ಅದೇ ದಾರಿಯಲ್ಲಿ ಬಂದವಳು. ಮದರಾಸಿನಲ್ಲಿ ಹೆರಿಗೆ ಕೆಲಸ ಕಲಿತು, ಬಿಳಿ ಸೀರೆ ಉಟ್ಟು, ಕೈಯಲ್ಲೊಂದು ಚರ್ಮದ ಚೀಲ ಹಿಡಿದು ಊರಿಗೆ ಇಳಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಹೊಸಪೇಟೆ, ಕಂಪ್ಲಿ, ಹಂಪಿಯ ಸುತ್ತಲಿನ ಹಳ್ಳಿಗಳು ನನ್ನ ಪಾಲಿಗೆ ಬಂದವು. ಸೊಂಡೂರು ಬೇರೆ ಸಂಸ್ಥಾನ, ನಮ್ಮ ಸರಹದ್ದು ಗುಡ್ಡದ ಬುಡಕ್ಕೇ ಮುಗಿಯುತ್ತಿತ್ತು. ಆದರೂ ಅತ್ತಕಡೆಯಿಂದ ಬಂಡಿ ಕಟ್ಟಿಕೊಂಡು ಬಂದ ಬಸುರಿಯರನ್ನು ನಾನು ಯಾವತ್ತೂ ಹಿಂದಕ್ಕೆ ಕಳಿಸಿದವಳಲ್ಲ.

ಪಾಠಕ್ಕೆಂದು ಮದರಾಸಿನಿಂದ ಒಂದು ದೊಡ್ಡ ಪಟ ಬಂದಿತ್ತು. ಬಟ್ಟೆಯ ಮೇಲೆ ಅಂಟಿಸಿ, ಮೇಲೆ ಕೆಳಗೆ ಕೋಲು ಹಾಕಿ ಸುತ್ತಿಟ್ಟದ್ದು. ಅದರಲ್ಲಿ ಹನ್ನೆರಡು ಚಿತ್ರ. ಹನ್ನೆರಡರಲ್ಲೂ ಒಬ್ಬಳೇ ದೊರೆಸಾನಿ, ಮೊಣಕಾಲಿನ ಮೇಲಕ್ಕೇ ನಿಂತ ಚಲ್ಲಣ ತೊಟ್ಟು, ಒಂದರಲ್ಲಿ ಕಾಲೆತ್ತಿ, ಇನ್ನೊಂದರಲ್ಲಿ ಸೊಂಟವೆತ್ತಿ, ಮತ್ತೊಂದರಲ್ಲಿ ತಲೆಯನ್ನಷ್ಟೇ ಎತ್ತಿ ನಮ್ಮನ್ನೇ ನೋಡುತ್ತಿದ್ದಳು. ಕಂಪ್ಲಿಯ ಆಸ್ಪತ್ರೆ ಜಗಲಿಯ ಮೇಲೆ ಮೊದಲ ದಿನ ಪಟ ಬಿಚ್ಚಿದಾಗ ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಈಕಿಗೆ ಉಡಾಕ ಸೀರಿ ಸಿಗಲಿಲ್ಲೇನ್ರಿ, ನರ್ಸಮ್ಮ?" ಎಂದು ಒಬ್ಬಾಕೆ ಕೇಳಿದಳು. ಇನ್ನೊಬ್ಬಾಕೆ, "ಪಾಪ, ಹೆತ್ತಾಕಿ ಅದಾಳ, ಹಂಗೆಲ್ಲ ಆಡಬ್ಯಾಡ್ರಿ" ಎಂದು ದೊರೆಸಾನಿಯ ಪಕ್ಷ ವಹಿಸಿದಳು. ಆ ರಾತ್ರಿ ಮಸಿ ಕುಡಿಕೆ ಇಟ್ಟುಕೊಂಡು ಕುಳಿತು ಹನ್ನೆರಡು ದೊರೆಸಾನಿಯರಿಗೂ ಕಚ್ಚೆ ಹಾಕಿ ಸೀರೆ ಉಡಿಸಿದೆ. ಚಿತ್ರ ಬರೆಯುವುದು ನನಗೆ ಅಷ್ಟಕ್ಕಷ್ಟೆ. ಕಾಲೆತ್ತಿದ ಚಿತ್ರದಲ್ಲಿ ಸೀರೆ ಯಾವ ಕಡೆ ಬೀಳಬೇಕೆಂದು ತಿಳಿಯದೆ ಅಲ್ಲೊಂದು ದೊಡ್ಡ ಕಪ್ಪು ಮಚ್ಚೆಯನ್ನೇ ಮಾಡಿಬಿಟ್ಟೆ. ಸರ್ಕಾರದ ಪಟ ಕೆಡಿಸಿದ್ದಕ್ಕೆ ಡಾಕ್ಟರಮ್ಮ ಬೈದರು. ಆದರೆ ಮುಂದಿನ ವಾರ ಜಗಲಿ ತುಂಬಿತು.

ಯಾರಿಂದ ತುಂಬಿತು ಎಂಬುದನ್ನು ಕೇಳಿ. ಬಸುರಿಯರು ನಾಲ್ಕೇ ಜನ. ಉಳಿದವರೆಲ್ಲ ಅವರ ಅತ್ತೆಯರು. ಅಂಗಡಿ, ಅಕ್ಕಿ ಗಿರಣಿ ಇದ್ದ ಮನೆಗಳಲ್ಲಿ ತುಂಬಿದ ಬಸುರಿಯನ್ನು ಬೀದಿಗೆ ಕಳಿಸುವ ರೂಢಿ ಇರಲಿಲ್ಲ. ಅತ್ತೆಯೇ ಬಂದು ಕುಳಿತು, "ನಾ ಕಲ್ತು ಹೋಗಿ ಆಕಿಗೆ ಹೇಳ್ತೀನ್ರಿ" ಎನ್ನುತ್ತಿದ್ದಳು. ನಾನು ಚಾಪೆಯ ಮೇಲೆ ಮಲಗಿ ತೋರಿಸುವುದು, ಐವತ್ತು ದಾಟಿದ ಹೆಂಗಸರು ಹಣೆಯ ವಿಭೂತಿ ಅಳಿಸಿ ಹೋಗುವಂತೆ ಬೆವೆತು, ನಗುತ್ತ, ನನ್ನ ಹಾಗೇ ಮಾಡುವುದು. ಮೊದಮೊದಲು ಗೇಲಿಯೂ ಇತ್ತು. "ನಿಮಗೆಷ್ಟು ಮಕ್ಕಳ್ರೀ?" ಎಂದು ಕೇಳಿದರು. ಇಲ್ಲ ಎಂದೆ. ಮದುವೆಯಾದ ವರ್ಷವೇ ಗಂಡ ತೀರಿಕೊಂಡದ್ದನ್ನು ಬಾಯಿಬಿಟ್ಟು ಹೇಳಲಿಲ್ಲ, ನನ್ನ ಬರಿ ಹಣೆ ಹೇಳುತ್ತಿತ್ತು. "ಹಂಗಾದ್ರ ಹೆತ್ತ ಹೊಟ್ಟಿ ಸುದ್ದಿ ನಿಮಗೇನು ಗೊತ್ತು?" ಎಂದು ಕೇಳಿ, ಕೇಳಿದ್ದಕ್ಕೆ ತಾವೇ ನಾಚಿಕೊಂಡು, ಮರುವಾರ ಮಡಿಲಿನಲ್ಲಿ ನನಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದರು.

ಅವರಲ್ಲಿ ಗಿರಣಿ ಮನೆಯ ಯಜಮಾನಿ ಒಬ್ಬಳಿದ್ದಳು. ಹನ್ನೆರಡು ವ್ಯಾಯಾಮವನ್ನೂ ಬಾಯಿಪಾಠ ಮಾಡಿದಳು. ಅವಳ ಸೊಸೆ ಹೆತ್ತು ಇಪ್ಪತ್ತು ದಿನಕ್ಕೆ ನೋಡಲು ಹೋದೆ. ಕತ್ತಲೆಯ ಕೋಣೆ, ಹೊರಸಿನ ಕೆಳಗೆ ಕೆಂಡ, ಕಿವಿಗೆ ಬಟ್ಟೆ, ಹೊಟ್ಟೆಗೆ ಬಿಗಿದ ಹಳೆ ಸೀರೆ. ಹುಡುಗಿ ಮಗ್ಗುಲು ಬದಲಿಸುವುದಕ್ಕೂ ಅತ್ತೆಯ ಮುಖ ನೋಡುತ್ತಿದ್ದಳು.

"ಅಮ್ಮಾರ, ಕಸರತ್ತು ಮಾಡಸಾಕತ್ತೀರಿಲ್ಲೋ?" ಎಂದೆ.

"ಆಕೀದು ಮೈ ಇನ್ನೂ ಹಸಿ ಐತ್ರಿ. ಆಕಿ ಪರವಾಗಿ ದಿನಾ ಮುಂಜಾನೆ ನಾನೇ ಮಾಡ್ತೀನಲ್ರಿ" ಎಂದಳು ಯಜಮಾನಿ. "ಒಂದಿನಾನೂ ಬಿಟ್ಟಿಲ್ಲ. ನಡುವ ಬಿಟ್ರ ಮತ್ತ ಮೊದಲಿಂದ ಹಿಡೀಬೇಕಾಗ್ತೈತಿ ನೋಡ್ರಿ."

ಮಗನ ಜ್ವರಕ್ಕೆ ತಾಯಿ ಸೋಮವಾರ ಹಿಡಿಯುವುದಿಲ್ಲವೇ? ಹಾಗೆ ಸೊಸೆಯ ಹೊಟ್ಟೆಗಾಗಿ ಅತ್ತೆ ಕಾಲೆತ್ತುತ್ತಿದ್ದಳು. ಆ ಮುಖದಲ್ಲಿದ್ದ ನಿಷ್ಠೆ ನೋಡಿ ನನಗೆ ಸಿಟ್ಟು ಮಾಡಲೂ ಆಗಲಿಲ್ಲ. ಅವಳ ಸೊಂಟ ನೋವೂ ಹೋಗಿತ್ತಂತೆ. ನಾನು ಮೂರು ತಿಂಗಳು ಗಂಟಲು ಹರಿದುಕೊಂಡು ಕಲಿಸಿದ್ದಕ್ಕೆ ಕಂಪ್ಲಿಯ ಅತ್ತೆಯರ ಸೊಂಟ ಸರಿಹೋಯಿತು ಎಂದು ಡಾಕ್ಟರಮ್ಮನಿಗೆ ಹೇಳಿದಾಗ ಅವರು ಅದನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡರು. ಅಂದಿನಿಂದ ಚಾಪೆಯ ಮೇಲೆ ಮಲಗಿ ತೋರಿಸುವಾಗೆಲ್ಲ, ಹೀಗೇ ನಿದ್ದೆ ಮಾಡಿಬಿಟ್ಟರೆ ಏನಾದೀತು ಎಂದು ನನಗೆ ಅನ್ನಿಸತೊಡಗಿತು.

ಹಂಪಮ್ಮ ಬಂದದ್ದು ಆ ದಿನಗಳಲ್ಲಿ. ಕಂಪ್ಲಿಯ ಕಾಲುವೆ ಬುಡದ ಒಂದು ಹಳ್ಳಿಯವಳು, ಕೂಲಿಗೆ ನೆಲ್ಲು ನಾಟಿ ಹಚ್ಚುವವಳು. ಆರು ತಿಂಗಳ ಬಸುರಿ. ಮೊಣಕಾಲುದ್ದ ಕೆಸರು ಒಣಗಿಸಿಕೊಂಡೇ ಬಂದು ಜಗಲಿಯ ಕೆಳಗೆ ನಿಂತಳು. ಮೇಲೆ ಬಾ ಎಂದರೂ ಬರಲಿಲ್ಲ. ಪಾಠವೆಲ್ಲ ಮುಗಿದು ಅತ್ತೆಯರು ಎದ್ದು ಹೋದ ಮೇಲೆ ಹತ್ತಿರ ಬಂದಳು.

"ನರ್ಸಮ್ಮ, ನನಗ ಇದೆಲ್ಲ ಆಗಂಗಿಲ್ರಿ. ಒಂದು ಮಾತು ಕೇಳಾಕ ಬಂದೀನಿ."

"ಕೇಳವ್ವ."

"ಹೋದ ಸಲ ಹೆತ್ತ ಒಂಬತ್ತನೇ ದಿನಕ್ಕ ಗದ್ದಿಗೆ ಇಳದಿದ್ದೆ. ಅವತ್ತಿಂದ ಕೆಳಗ ಏನೋ ಇಳದಂಗ ಆಗ್ತೈತ್ರಿ. ಬಗ್ಗಿ ಹಚ್ಚೋವಾಗ ಹೊರಗ ಬರ್ತೈತಿ. ಒಳಗ ದೂಡಿಕೊಂಡು ಮತ್ತ ಹಚ್ತೀನಿ. ಈ ಬಸುರು ನಿಂತ ಮ್ಯಾಲ ತಾನಾಗೇ ಮ್ಯಾಲ ಹೋಗೈತಿ. ಹೆತ್ತ ಮ್ಯಾಲ ಮತ್ತ ಬಂದ್ರ ನಾ ಹೆಂಗ ಬಗ್ಗಲಿ? ಬಗ್ಗದಿದ್ರ ಯಾರು ಕರೀತಾರ ಕೂಲಿಗೆ?"

ಹೀಗೆ ಹೇಳಿದಳು, ಕಾಲಿಗೆ ಮುಳ್ಳು ಚುಚ್ಚಿದ್ದನ್ನು ಹೇಳುವವರ ಧ್ವನಿಯಲ್ಲಿ. ಗರ್ಭಚೀಲ ಜಾರುವುದನ್ನು ಮದರಾಸಿನಲ್ಲಿ ಪಾಠದಲ್ಲಿ ಕೇಳಿದ್ದೆ, ಒಂದೆರಡು ಮುದುಕಿಯರಲ್ಲಿ ಕಂಡಿದ್ದೆ. ಇಪ್ಪತ್ತೆರಡು ವರ್ಷದ ಹುಡುಗಿ ಅದನ್ನು ಕೈಯಿಂದ ಒಳಗೆ ದೂಡಿಕೊಂಡು ಮುಂದಿನ ಸಾಲಿಗೆ ಬಗ್ಗುತ್ತಾಳೆಂಬುದು ಯಾವ ಪಾಠದಲ್ಲೂ ಇರಲಿಲ್ಲ.

ಡಾಕ್ಟರಮ್ಮನನ್ನು ಕೇಳಿದೆ. ಹೆತ್ತ ಮೇಲೆ ನಲವತ್ತು ದಿನ ಮಲಗಬೇಕು, ಭಾರ ಎತ್ತಬಾರದು, ಕೂತು ಏಳಬಾರದು, ಮಲಗಿದಲ್ಲೇ ಒಳಗಿನ ಸ್ನಾಯುವನ್ನು ಬಿಗಿಹಿಡಿದು ಬಿಡುವ ಅಭ್ಯಾಸ ಮಾಡಬೇಕು ಎಂದರು. ಪಟದ ಹನ್ನೆರಡೂ ಇವಳಿಗೆ ಬೇಡ, ಅದೊಂದೇ ಸಾಕು. "ಮಲಗೋಕೆ ಬಿಡೋರು ಯಾರು, ಅಮ್ಮ? ಹೆರೋದು ನಾಟಿ ಕಾಲಕ್ಕೇ ಬರುತ್ತೆ" ಎಂದೆ. "ಅದು ನಿನ್ನ ಕೆಲಸ" ಎಂದು ಅವರು ಮುಂದಿನ ರೋಗಿಯನ್ನು ಕರೆದರು. ಅವರದೂ ತಪ್ಪಲ್ಲ. ಅವರಿಗೂ ಬೆಳಗಿನಿಂದ ಕೂರಲು ಬಿಡುವಿರಲಿಲ್ಲ.

ಒಂದು ಮನೆಯಲ್ಲಿ ಮಲಗಿದವಳನ್ನು ಏಳಿಸಲು ಹೆಣಗಬೇಕು, ಇನ್ನೊಂದು ಮನೆಯಲ್ಲಿ ನಿಂತವಳನ್ನು ಮಲಗಿಸಲು. ನನ್ನ ಚೀಲದಲ್ಲಿ ಇದ್ದದ್ದು ಒಂದೇ ಪಟ. ಕಾಲುವೆಯ ಏರಿಯ ಮೇಲೆ ಹಂಪಮ್ಮನ ಊರಿಗೆ ನಡೆದು ಹೋಗುವಾಗ ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಅವಳ ಅತ್ತೆ ದ್ಯಾವಮ್ಮ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದಳು. ಬಡಕಲು ಮೈ, ದೊಡ್ಡ ಕೈಗಳು. ಕೊಡಲಿ ಕೆಳಗಿಟ್ಟು, "ಬರ್ರಿ, ಕುಂದ್ರಿ" ಎಂದು ಕಂಬಳಿ ಹಾಸಿದಳು. ಆ ಕಂಬಳಿಯ ಮೇಲೆ ಕುಳಿತಾಗ ಗಿರಣಿ ಯಜಮಾನಿಯ ಮಾತು ನೆನಪಾಯಿತು. ನಾನು ಬಾಯಿ ತೆರೆದೆ, ಸುಳ್ಳು ಸರಾಗವಾಗಿ ಬಂತು.

"ದ್ಯಾವಮ್ಮ, ನಿನ್ನ ಸೊಸಿಗೆ ಸರ್ಕಾರದಿಂದ ಒಂದು ಕಸರತ್ತು ಬಂದೈತಿ. ನಲವತ್ತು ದಿನದ್ದು. ಮಲಗೇ ಮಾಡಬೇಕು."

"ಮುಂಜಾನೆ ಒಂದೀಟು ಹೊತ್ತೇನ್ರಿ?"

"ಮುಂಜಾನೆ, ಮಧ್ಯಾಹ್ನ, ಸಂಜಿ. ನಡುವ ಏಳಂಗಿಲ್ಲ. ಎದ್ರ ಮಾಡಿದ್ದು ಮೈಗೆ ಹತ್ತಂಗಿಲ್ಲ."

"ನೀರು ತರಬಹುದ?"

"ಬ್ಯಾಡ."

"ರೊಟ್ಟಿ ಬಡಿಯೋದು?"

"ಅದೂ ಬ್ಯಾಡ. ನಡುವ ಒಂದಿನ ತಪ್ಪಿದ್ರ ಮತ್ತ ಮೊದಲನೇ ದಿನದಿಂದ ಹಿಡೀಬೇಕು."

ದ್ಯಾವಮ್ಮ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಚೀಲದ ಕೊಂಡಿ ಹಾಕುತ್ತ, ಬಿಚ್ಚುತ್ತ ಕುಳಿತೆ. ಹುಟ್ಟಿದಾಗಿನಿಂದ ಸುಳ್ಳು ಹೇಳಬಾರದೆಂದು ಬೆಳೆದವಳಿಗೆ ಸರ್ಕಾರದ ಹೆಸರಿನಲ್ಲೇ ಹೇಳುವ ಧೈರ್ಯ ಎಲ್ಲಿಂದ ಬಂತೋ. ಕೊನೆಗೆ ಅವಳು, "ಆಗಲಿ ಬಿಡ್ರಿ, ಸರ್ಕಾರದ್ದು ಅಂದ್ರ ಏನು ಮಾಡಾಕಾಗ್ತೈತಿ" ಎಂದು ಮತ್ತೆ ಕೊಡಲಿ ಎತ್ತಿಕೊಂಡಳು.

ಹಂಪಮ್ಮ ಹೆಣ್ಣು ಹೆತ್ತಳು. ಹೆರಿಗೆಗೆ ನಾನೇ ಹೋಗಿದ್ದೆ, ಏನೂ ತೊಂದರೆಯಾಗಲಿಲ್ಲ. ಮುಂದೆ ಎರಡು ಸಲ ಹೋಗಿ ನೋಡಿ ಬಂದೆ. ಎರಡು ಸಲವೂ ಅವಳು ಮಲಗಿಯೇ ಇದ್ದಳು. ಒಳಗೆ ಬಿಗಿಹಿಡಿದು ಬಿಡುವುದನ್ನು ಮಾಡುತ್ತೀಯಾ ಎಂದು ಕಿವಿಯಲ್ಲಿ ಕೇಳಿದರೆ, "ಈಗೂ ಅದನ್ನ ಮಾಡಾಕತ್ತೀನ್ರಿ" ಎಂದು ಕಣ್ಣು ಮುಚ್ಚಿ ನಗುತ್ತಿದ್ದಳು. ನಾಟಿ ಜೋರಾಗಿ ನಡೆದಿತ್ತು. ಊರಲ್ಲಿ ಕೈ ಆಡಿಸಬಲ್ಲ ಹೆಂಗಸರೆಲ್ಲ ಗದ್ದೆಯಲ್ಲಿದ್ದರು. ಓಣಿಯವರು ಆಡಿಕೊಳ್ಳುತ್ತಿದ್ದರಂತೆ, ದ್ಯಾವಮ್ಮನ ಸೊಸಿ ಸಾವುಕಾರ್ತಿ ಆದಳು ಎಂದು. ಅಂಥವರಿಗೆಲ್ಲ ದ್ಯಾವಮ್ಮನದು ಒಂದೇ ಉತ್ತರ: "ಸರ್ಕಾರದ ಕಸರತ್ತು ಐತಿ. ನಡುವ ಬಿಡಂಗಿಲ್ಲ."

ನಲವತ್ತೊಂದನೇ ದಿನ ಹೋಗಿ ಹಂಪಮ್ಮನನ್ನು ಪರೀಕ್ಷೆ ಮಾಡಿದೆ. ನಿಲ್ಲಿಸಿದೆ, ಕುಕ್ಕರುಗಾಲಲ್ಲಿ ಕೂರಿಸಿದೆ, ಕೆಮ್ಮು ಎಂದೆ. ಕೆಮ್ಮಿದಳು. ಮತ್ತೊಮ್ಮೆ ಕೆಮ್ಮಿದಳು. ಏನೂ ಇಳಿಯಲಿಲ್ಲ. "ಇಲ್ರಿ ನರ್ಸಮ್ಮ, ಬರವಲ್ದು" ಎಂದು ಅವಳು ಅಳಲು ಶುರುಮಾಡಿದಳು. ನನಗೂ ಅಳು ಬಂತು. ಅಷ್ಟು ತಿಂಗಳ ಪಾಠದಲ್ಲಿ ನಾನು ಕಲಿಸಿದ ವ್ಯಾಯಾಮ ಕಲಿತವಳಿಗೇ ತಾಗಿದ್ದು ಅದೇ ಮೊದಲು. ಈ ಸಂತೋಷವನ್ನು ಅತ್ತೆಗೂ ಹೇಳೋಣವೆಂದು ಗದ್ದೆಗೆ ಹೊರಟೆ.

ಹತ್ತು ಹದಿನೈದು ಹೆಂಗಸರು ಸಾಲುಹಿಡಿದು ಬಗ್ಗಿದ್ದರು. ದ್ಯಾವಮ್ಮನ ಮುಂದೆ ಎರಡು ಪಾಲು ಇತ್ತು, ಅವಳದೊಂದು, ಸೊಸೆಯದೊಂದು. ಆ ಗುಂಪಿನಲ್ಲಿ ಒಂದು ಜಾಗ ಬಿಟ್ಟರೆ ಬೇರೆಯವರು ಬಂದು ನಿಲ್ಲುತ್ತಾರೆ, ಮುಂದಿನ ವರ್ಷ ಕರೆಯುವುದಿಲ್ಲ. ಹಾಗಾಗಿ ನಲವತ್ತು ದಿನವೂ ಇಬ್ಬರ ಪಾಲನ್ನೂ ಅವಳೊಬ್ಬಳೇ ಹಚ್ಚಿದ್ದಳು. ನನ್ನನ್ನು ಕಂಡು ಬದುವಿಗೆ ಬಂದಳು. ಬರುವಾಗ ಒಂದು ಕೈಯನ್ನು ಹೊಟ್ಟೆಯ ಕೆಳಗೆ ಒತ್ತಿಹಿಡಿದಿದ್ದಳು.

ಹಂಪಮ್ಮನ ಸುದ್ದಿ ಹೇಳಿದೆ. "ಚಲೋ ಆತು" ಎಂದು ಕುಳಿತಳು. ಕುಳಿತದ್ದು ಒಂದೇ ಮಗ್ಗುಲ ಮೇಲೆ. ಆಗ ನನಗೆ ತಿಳಿಯಿತು. ಇಷ್ಟು ದಿನ ಆ ಅಂಗಳಕ್ಕೆ ಹೋಗಿ ಬಂದವಳಿಗೆ ಆಗ ತಿಳಿಯಿತು.

"ನಿನಗೂ ಐತೇನ ದ್ಯಾವಮ್ಮ?"

"ನನ್ನ ಮಗ ಹುಟ್ಟಿದಾಗಿಂದ ಐತ್ರಿ. ಬಟ್ಟಿ ಕಟ್ಕೋತೀನಿ."

"ನನಗ್ಯಾಕ ಹೇಳಲಿಲ್ಲ?"

"ನೀವು ಬಸುರ್ಯಾರಿಗೆ ಅಂತ ಬಂದಿದ್ರಲ್ರಿ. ನಂದ್ಯಾಕ ನಡುವ." ಕೆಸರು ಕೈಯನ್ನು ಹುಲ್ಲಿಗೆ ಒರೆಸಿಕೊಂಡಳು. ಆಮೇಲೆ ಹೇಳಿದಳು: "ಮಲಗೋದು ಕಸರತ್ತು ಹೆಂಗಾಗ್ತೈತ್ರಿ ನರ್ಸಮ್ಮ? ಅವತ್ತ ಗೊತ್ತಾಗಿತ್ತು ನನಗ. ಓಣ್ಯಾಗ ಹೇಳಾಕ ಒಂದು ಮಾತು ಬೇಕಿತ್ತು. ಅದನ್ನ ಕೊಟ್ರಿ ನೀವು."

ಗದ್ದೆಯಿಂದ ಯಾರೋ ಅವಳನ್ನು ಕರೆದರು. ಅವಳು ಏಳಲು ಕೈಯೂರಿದಳು, ಏಳಲಿಲ್ಲ.

"ಈಗ ಹಂಪಮ್ಮ ಎದ್ದಾಳಲ್ರಿ. ನನಗೂ ಅಂಥಾದ್ದೊಂದು ಐತಿ ಅಂತ ಆಕಿಗೆ ಹೇಳ್ರಿ. ನನ್ನ ಮಗಗೂ ಹೇಳ್ರಿ. ನಲವತ್ತು ದಿನ ಬ್ಯಾಡ. ಹತ್ತು ದಿನದ್ದು ಇದ್ರೂ ನಡೀತೈತಿ."

"ಹೇಳ್ತೀನಿ" ಎಂದೆ. "ಇನ್ನೆಂಟು ದಿನಕ್ಕ ಹಚ್ಚೋದು ಮುಗೀಲಿ, ಬಂದು ಎಲ್ಲರ ಮುಂದ ಹೇಳ್ತೀನಿ."

ಹೋಗಲಿಲ್ಲ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಆ ವಾರ ಹೊಸಪೇಟೆಯಲ್ಲಿ ಕಷ್ಟದ ಹೆರಿಗೆಗಳು ಬಂದವು. ಮುಂದಿನ ವಾರ ಹಂಪಿಯ ಕಡೆ ಹೋಗಬೇಕಾಯಿತು. ಆಮೇಲೆ ನನ್ನ ಪಾಲಿನ ಹಳ್ಳಿಗಳೇ ಬದಲಾದವು. ಕೇಳಿದವರಿಗೆ ಕೊಡಲು ಇವೆಲ್ಲ ಒಳ್ಳೆಯ ಕಾರಣಗಳು, ಒಂದೂ ಸುಳ್ಳಲ್ಲ. ಆದರೆ ನನ್ನ ಮನಸ್ಸಿಗೆ ಗೊತ್ತು, ಒಂದು ದಿನ ಬಿಡುವಿತ್ತು. ಆ ದಿನ ಕಂಪ್ಲಿಯ ಬಸ್ಸು ಮನೆಯ ಮುಂದೆ ಹಾದುಹೋದದ್ದನ್ನು ಮಲಗಿದ್ದಲ್ಲಿಂದಲೇ ಕೇಳಿದೆ. ದಣಿದಿದ್ದೆ. ಬಸುರಿಯಲ್ಲ, ಬಾಣಂತಿಯಲ್ಲ, ಅವಳನ್ನು ನೋಡಿಕೋ ಎಂದು ನನಗೆ ಯಾರೂ ಹೇಳಿಲ್ಲ ಎಂದುಕೊಂಡು ಇನ್ನೊಂದು ಮಗ್ಗುಲಿಗೆ ಹೊರಳಿದೆ. ಮಲಗಬೇಕೆಂದವಳು ಅವಳು, ಮಲಗಿದವಳು ನಾನು. ದ್ಯಾವಮ್ಮ ಏನಾದಳೋ ನನಗೆ ತಿಳಿಯದು. ಹತ್ತೇ ದಿನ ಕೇಳಿದ್ದಳು.

ನಾಚಿಕೆಯೂ ವಯಸ್ಸಾದಂತೆ ಕಡಿಮೆಯಾಗುತ್ತದೆ ಎಂದು ತಿಳಿದಿದ್ದೆ. ಇಲ್ಲ.

ಇಷ್ಟೆಲ್ಲ ನೆನೆಯುತ್ತ ಕುಳಿತಿದ್ದಾಗ ಪಕ್ಕದ ಮನೆಯ ಗೌರಮ್ಮನೇ ಬಂದಳು. ಹೆತ್ತ ಹುಡುಗಿಯ ತಾಯಿ, ಐವತ್ತರ ಆಸುಪಾಸು. ಬಾಗಿಲಲ್ಲೇ ನಿಂತು, "ನರ್ಸಜ್ಜಿ, ನಮ್ಮ ಹುಡುಗಿಗೆ ಆಸ್ಪತ್ರ್ಯಾಗ ಏನೇನೋ ಕಸರತ್ತು ಹೇಳ್ಯಾರ. ನೀವು ಒಂದೀಟು ಬಂದು ತೋರಿಸಿಕೊಡ್ರಿ. ಜಲ್ದಿ ಬರ್ರಿ, ಕೂಸಿಗೆ ನೀರು ಹಾಕಬೇಕು, ಹಂಡೇಕ ಉರಿ ಹಾಕಿ ಬಂದೀನಿ" ಎಂದಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಬರ್ತೀನಿ. ಮೊದಲು ನೀನು ಒಳಗ ಬಾ" ಎಂದೆ.

"ಯಾಕ್ರಿ?"

"ತಾಯಿಗೂ ಒಂದು ಕಸರತ್ತು ಐತಿ. ಹಂಡೇಕ ಅಳಿಯ ಉರಿ ಹಾಕ್ಲಿ."

ಅವಳು ನಕ್ಕಳು. ಕೆಲಸ ಐತ್ರಿ ಎಂದಳು. ನಾನು ಮೊಣಕಾಲು ಬೈದುಕೊಳ್ಳುತ್ತಲೇ ಎದ್ದು ಚಾಪೆ ಬಿಚ್ಚಿ, ನನ್ನ ದಿಂಬನ್ನೇ ಹಾಕಿಕೊಟ್ಟೆ. ಕಾಲು ಚಾಚು, ಕೈ ಸಡಿಲ ಬಿಡು, ಕಣ್ಣು ಮುಚ್ಚು, ಉಸಿರು ನಿಧಾನ ಎಂದೆ. ಎಣಿಸಲು ಶುರುಮಾಡಿದೆ. ಇಪ್ಪತ್ತು ಮುಟ್ಟುವ ಮೊದಲೇ ಗೌರಮ್ಮನ ಬಾಯಿ ತೆರೆದುಕೊಂಡು ಗೊರಕೆ ಬಂತು. ಇದರಿಂದ ದ್ಯಾವಮ್ಮನಿಗೆ ಏನೂ ಸಿಕ್ಕಲಿಲ್ಲ, ಅಷ್ಟು ನನಗೆ ತಿಳಿಯುತ್ತದೆ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಿಂದ ಅಳಿಯ ಕೂಗಿದ, ನೀರು ಕಾದೈತಿ, ಅತ್ತಿ ಎಲ್ಲಿ ಅಂತ. ನಾನು ಕಿಟಕಿಗೆ ಹೋಗಿ ನಿಂತೆ.

"ಕಸರತ್ತು ಮಾಡಾಕತ್ತಾಳಪ್ಪ" ಎಂದೆ. "ನಡುವ ಎಬ್ಬಿಸಂಗಿಲ್ಲ."